ತಿದ್ದಲು ಬಾರದ ಲಗ್ನಪತ್ರಿಕೆ

ಇವತ್ತು ಮುಂಜಾನೆ ರಿಪೇರಿಯವನು ನಮ್ಮ ಅಂಗಡಿಯ ಹಳೆಯ ಕಂಪ್ಯೂಟರಿನ ಮಗ್ಗುಲ ತಗಡು ಬಿಚ್ಚಿದ್ದೇ ತಡ, ಒಳಗಿನಿಂದ ಮೆಣಸಿನಕಾಯಿಯ ಘಾಟು ಗಪ್ಪನೆ ಹೊರಬಿತ್ತು. ಅವನು ಸೀನಿದ, ನಾನು ಸೀನಿದೆ, ಜೆರಾಕ್ಸ್ ಮಾಡಿಸಲು ಬಂದು ನಿಂತಿದ್ದ ಮಾಸ್ತರರೂ ಸೀನಿದರು. ಈ ಯಂತ್ರ ರಾಣೆಬೆನ್ನೂರಿಗೆ ಬರುವ ಮುಂಚೆ ಬ್ಯಾಡಗಿಯ ಒಬ್ಬ ದಲಾಲರ ಅಂಗಡಿಯಲ್ಲಿ ಕೂತು ಲೆಕ್ಕ ಮಾಡುತ್ತಿತ್ತು. ಎಷ್ಟು ಊದಿ ಒರೆಸಿದರೂ ಅಲ್ಲಿಯ ಧೂಳು ಇದರ ಹೊಟ್ಟೆಯಿಂದ ಹೋಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಹೇಳುವವರನ್ನು ಒಮ್ಮೆ ನನ್ನ ಅಂಗಡಿಗೆ ಕರೆತನ್ನಿ. ಈ ಕಂಪ್ಯೂಟರಿನ ಫ್ಯಾನಿನ ಮುಂದೆ ಕೂಡಿಸಿ ತೋರಿಸುತ್ತೇನೆ.

"ಅಕ್ಕಾರ, ಇದನ್ನ ಗುಜರಿಗೆ ಹಾಕ್ರಿ," ಎಂದ ರಿಪೇರಿಯವನು ಮೂಗು ಒರೆಸಿಕೊಳ್ಳುತ್ತ. "ಇದರ ಸಾಮಾನು ಈಗ ಎಲ್ಲಿ ಸಿಗತಾವ್ರಿ? ಇದರಾಗಿನ ಆಫೀಸ್ ಸಾಫ್ಟ್‌ವೇರ್ ಅಂತೂ ಯಾವ ಕಾಲದ್ದೋ ಏನೋ."

"ಸಂಜಿಕ್ಕ ಒಬ್ರು ಬರೋರದಾರ. ಅವರ ಕೆಲಸ ಇದರಾಗ ಆಗಬೇಕು. ಚಾಲೂ ಮಾಡಿ ಕೊಡಪಾ, ಬಾಕಿ ಪುರಾಣ ಆಮ್ಯಾಲೆ."

ಗೊಣಗುತ್ತಲೇ ಚಾಲೂ ಮಾಡಿದ. ಪರೀಕ್ಷೆಗೆಂದು ಒಂದು ಪುಟ ಪ್ರಿಂಟ್ ಕೊಡಲು ಹೋದಾಗ ಪರದೆಯ ಮೇಲೆ ಪ್ರಿಂಟರುಗಳ ಪಟ್ಟಿ ಬಂತು. ಅವನು ಪಟ್ಟಿ ನೋಡಿದ, ಕೋಣೆ ನೋಡಿದ, ಮತ್ತೆ ಪಟ್ಟಿ ನೋಡಿದ.

"ಇಲ್ಲಿ ಒಂದು ಜಾಸ್ತಿ ಐತಲ್ರಿ. ಈ ಇಮೇಜ್ ಅನ್ನೋ ಪ್ರಿಂಟರ್ ಎಲ್ಲೈತಿ?"

"ಎಲ್ಲೂ ಇಲ್ಲ," ಎಂದೆ. "ಆದ್ರ ಅದನ್ನ ತಗೀಬ್ಯಾಡ. ತಗದೀ ಅಂದ್ರ ನೀ ಈ ಬಾಗಲಾ ದಾಟಿ ಹೋಗೂದಿಲ್ಲ."

ಈ ಇಲ್ಲದ ಪ್ರಿಂಟರಿನ ಪರಿಚಯವನ್ನು ನಿಮಗೂ ಮಾಡಿಕೊಡಬೇಕು. ಆ ಕಾಲದ ಆಫೀಸ್ ತಂತ್ರಾಂಶದ ಸಂಗಡ ಅದು ತಾನಾಗಿಯೇ ಬಂದು ಕೂತುಬಿಡುತ್ತಿತ್ತು, ದಿಬ್ಬಣದ ಜೊತೆ ಬರುವ ದೂರದ ನೆಂಟನ ಹಾಗೆ. ಉಳಿದ ಪ್ರಿಂಟರಿಗೆ ಕೊಟ್ಟಂತೆಯೇ ಇದಕ್ಕೂ ಪ್ರಿಂಟ್ ಕೊಡಬೇಕು. ಆದರೆ ಕಾಗದ ಹೊರಬರುವುದಿಲ್ಲ, ಮಸಿ ಖರ್ಚಾಗುವುದಿಲ್ಲ, ಸದ್ದೂ ಇಲ್ಲ. ನೀವು ಟೈಪು ಮಾಡಿದ ಪುಟ ಕಪ್ಪು-ಬಿಳುಪು ಚಿತ್ರವಾಗಿ ಕಂಪ್ಯೂಟರಿನೊಳಗೇ ಒಂದು ಫೋಲ್ಡರಿಗೆ ಹೋಗಿ ಬೀಳುತ್ತದೆ. ಪುಟದ ಫೋಟೋ ತೆಗೆದಂತೆ ಅನ್ನಿ.

ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಗ್ರಾಹಕರು ಅರ್ಜಿ ಟೈಪು ಮಾಡಿಸಿ ಕಾಯುತ್ತ ನಿಂತಿದ್ದರು. ನಾನು ಪ್ರಿಂಟ್ ಕೊಟ್ಟೆ, ಏನೂ ಬರಲಿಲ್ಲ. ಮತ್ತೆ ಕೊಟ್ಟೆ. ಪ್ರಿಂಟರಿನ ಬಾಯಿ ತೆರೆದು ನೋಡಿದೆ, ಕಾಗದ ಬದಲಿಸಿದೆ, ತಲೆಗೆ ಒಂದು ಕೊಟ್ಟೆ, ಕಡೆಗೆ ಊದಿನಕಡ್ಡಿಯನ್ನೂ ಬೆಳಗಿದೆ. ಆ ಗ್ರಾಹಕರು ಬಸ್ಸಿಗೆ ಹೊತ್ತಾಯಿತೆಂದು ಎದುರಿನ ಅಂಗಡಿಗೆ ಹೋಗಿಬಿಟ್ಟರು. ಮಧ್ಯಾಹ್ನ ಬೇರೇನೋ ಹುಡುಕುತ್ತಿದ್ದಾಗ ನೋಡಿದರೆ ಅವರ ಅರ್ಜಿಯ ಚಿತ್ರಗಳು ಒಂದು ಹಿಂಡು ಫೋಲ್ಡರಿನಲ್ಲಿ ಶಾಂತವಾಗಿ ಮಲಗಿದ್ದವು. ನಾನು ಬೈದದ್ದೆಲ್ಲ ನಿಜವಾದ ಪ್ರಿಂಟರಿಗೆ, ಕೆಲಸ ಮಾಡಿದ್ದು ಇಲ್ಲದ ಪ್ರಿಂಟರು. ನಮ್ಮ ಸಂಸಾರಗಳಲ್ಲೂ ಇಂಥದು ನಡೆಯುತ್ತಿರುತ್ತದಲ್ಲ, ಹಾಗೆ.

ಆದರೆ ಕನ್ನಡ ಟೈಪು ಮಾಡುವ ನನ್ನಂಥವಳಿಗೆ ಅದು ದೇವರು ಕೊಟ್ಟ ಪ್ರಿಂಟರು. ಆಗ ನಾವು ಬಳಸುತ್ತಿದ್ದ ಕನ್ನಡ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ. ಆ ಫಾಂಟು ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಂಸ, ಕೊಕ್ಕೆ, ಇಂಗ್ಲಿಷ್ ಅಕ್ಷರಗಳ ಸಂತೆ. ಲಗ್ನಪತ್ರಿಕೆಗಳನ್ನು ನಾನು ಇಲ್ಲಿ ಟೈಪು ಮಾಡಿ ಹಾವೇರಿಯ ಬಸಣ್ಣನ ಪ್ರೆಸ್ಸಿಗೆ ಕಳಿಸುತ್ತಿದ್ದೆ. ರಾಣೆಬೆನ್ನೂರಿನಲ್ಲಿ ಪ್ರೆಸ್ಸು ಇರಲಿಲ್ಲವೆಂದಲ್ಲ. ಬಸಣ್ಣ ಹೇಳಿದ ದಿನಕ್ಕೆ ಕೊಡುತ್ತಿದ್ದ, ಪ್ರೆಸ್ಸಿನವರಲ್ಲಿ ಅದು ಅಪರೂಪದ ಗುಣ. "ಅಕ್ಕಾರ, ನಿಮ್ಮ ಫೈಲಿನ್ಯಾಗ ಬರೇ ಇರುವಿ ಹರದಾಡ್ಯಾವ್ರಿ," ಎಂದು ಅವನು ಫೋನು ಮಾಡುತ್ತಿದ್ದ. ಚಿತ್ರ ಮಾಡಿ ಕಳಿಸಿದರೆ ಮಾತ್ರ ಅಕ್ಷರ ಇದ್ದದ್ದು ಇದ್ದಂತೆಯೇ ತಲುಪುತ್ತಿತ್ತು.

ಚಿತ್ರದ ಬಗ್ಗೆ ಅವನದು ಒಂದೇ ತಕರಾರು. ಅದನ್ನು ತಿದ್ದಲು ಬರುವುದಿಲ್ಲ. ಕೊನೆಗೆ ಬೇಸತ್ತು ಅವನೇ ನನ್ನ ಫಾಂಟನ್ನು ತನ್ನ ಕಂಪ್ಯೂಟರಿಗೆ ಹಾಕಿಸಿಕೊಂಡ. ನಾನೂ ಚಿತ್ರ ಬಿಟ್ಟು ಅಕ್ಷರದ ಫೈಲನ್ನೇ ಕಳಿಸತೊಡಗಿದೆ.

ತಿದ್ದುವುದು ಅವನಿಗೆ ಯಾಕೆ ಅಷ್ಟು ಬೇಕಾಗಿತ್ತು ಎನ್ನುವಿರಾ? ನಮ್ಮ ಕಡೆಯ ಲಗ್ನಪತ್ರಿಕೆಯನ್ನು ನೀವು ಸರಿಯಾಗಿ ನೋಡಿಲ್ಲ ಹಾಗಾದರೆ. ಅದರಲ್ಲಿ ಮದುಮಕ್ಕಳ ಹೆಸರು ಸಣ್ಣ ವಿಷಯ. ಕರೆಯುವವರು ಯಾರು, ಸುಖಾಗಮನ ಬಯಸುವವರು ಯಾರು, ಯಾವ ಕಾಕಾ ಮೇಲೆ, ಯಾವ ಮಾವ ಕೆಳಗೆ, ಮುನಿಸಿಕೊಂಡ ಅಳಿಯನ ಹೆಸರು ಬಿಟ್ಟರೆ ಏನಾಗುತ್ತದೆ, ಹಾಕಿದರೆ ಇನ್ನೇನಾಗುತ್ತದೆ, ಇದೇ ಪತ್ರಿಕೆಯ ಜೀವ. ನನ್ನ ಮುಂದೆ ಕೂತು ಒಪ್ಪಿದ ಕರಡು ಹಾವೇರಿ ಮುಟ್ಟುವುದರೊಳಗೆ ಮನೆಯಲ್ಲಿ ಮತ್ತೊಂದು ಪಂಚಾಯತಿ ಆಗಿರುತ್ತಿತ್ತು. ದೊಡ್ಡ ಗಂಟಲಿನವರು ಯಾರೋ ಪ್ರೆಸ್ಸಿಗೆ ನೇರವಾಗಿ ಫೋನು ಮಾಡಿ ಹೆಸರು ತೆಗೆಸುತ್ತಿದ್ದರು, ಸೇರಿಸುತ್ತಿದ್ದರು. ಬಸಣ್ಣ ಯಾರ ದನಿ ಜೋರೋ ಅವರ ಮಾತು ಕೇಳುತ್ತಿದ್ದ. ಆ ದನಿ ಒಮ್ಮೆಯೂ ಹೆಂಗಸಿನದಾಗಿರುತ್ತಿರಲಿಲ್ಲ.

ಮೇಡ್ಲೇರಿಯ ನೀಲವ್ವ ನನ್ನ ಅಂಗಡಿಗೆ ಬಂದದ್ದು ಈ ಸಂಗತಿಗೇ. ಬೀಜದ ಕಂಪನಿಗೆ ಟೊಮೆಟೊ ಬೀಜ ಬೆಳೆದು ಕೊಡುತ್ತಿದ್ದಳು. ಆ ಕೆಲಸ ನೋಡಿದ್ದೀರೋ ಇಲ್ಲವೋ. ಒಂದೊಂದು ಹೂವಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಬೆರಳಿನಿಂದ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಬಿಸಿಲು ಏರುವ ಮುಂಚೆ ಬಗ್ಗಿದ ಸೊಂಟ ಮಧ್ಯಾಹ್ನದವರೆಗೆ ಏಳುವುದಿಲ್ಲ. "ದಿನಾ ಹೂವಿಗೆ ಹೂವಿನ ಲಗ್ನಾ ಮಾಡತೇನ್ರಿ ಅಕ್ಕಾರ. ನನ್ನ ಕೈಯಾಗ ಕೂಡಿದ್ದು ಒಂದೂ ಹುಸಿ ಹೋಗಿಲ್ಲ," ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಕೈಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಓದಿಸಿದವಳು.

ದೊಡ್ಡ ಮಗಳ ಲಗ್ನದ ಪತ್ರಿಕೆಯನ್ನೂ ನಾನೇ ಟೈಪು ಮಾಡಿದ್ದೆ. ಕರೆಯುವವರ ಜಾಗದಲ್ಲಿ ನೀಲವ್ವನ ಹೆಸರಿತ್ತು. ಕಣ್ಣಾರೆ ಓದಿ, ಬೆರಳಿನಿಂದ ಮುಟ್ಟಿ ಹೋಗಿದ್ದಳು. ಹಾವೇರಿಯಿಂದ ಕಟ್ಟು ಬಂದಾಗ ಆ ಜಾಗದಲ್ಲಿ ಅವಳ ಗಂಡನ ಅಣ್ಣ ಚನ್ನಬಸಪ್ಪನವರು ಮತ್ತು ಅವರ ಹೆಂಡತಿ ಪಾರವ್ವ ಕೂತಿದ್ದರು. ಕೆಳಗೆ ಮಗಳ ಹೆಸರಿನ ಹಿಂದೆ ತೀರಿಹೋದ ಅಪ್ಪನ ಹೆಸರು. ನೀಲವ್ವ ಎಲ್ಲೂ ಇಲ್ಲ. ಚನ್ನಬಸಪ್ಪನವರು ಬಸಣ್ಣನಿಗೆ ಒಂದು ಫೋನು ಮಾಡಿದ್ದರು, ಅಷ್ಟೆ.

ಕೆಲ ವರ್ಷಗಳ ನಂತರ ಚಿಕ್ಕವಳು ಶೋಭಾಳಿಗೆ ಬ್ಯಾಡಗಿಯ ಕಡೆ ಸಂಬಂಧ ಕೂಡಿತು. ನೀಲವ್ವ ಹೊಲದಿಂದ ನೇರವಾಗಿ ಬಂದು ನನ್ನೆದುರಿನ ಬೆಂಚಿನ ಮೇಲೆ ಕೂತಳು.

"ಅಕ್ಕಾರ, ಆ ಪತ್ರಿಕಿಯೊಳಗ ಸತ್ತವರ ಹೆಸರು ಐತಿ. ಬದುಕಿದಾಕೀದು ಇಲ್ಲ. ಈ ಸಲ ಹಂಗ ಆಗಬಾರದು. ಹೆಂಗರ ಮಾಡ್ರಿ."

"ಏನಂತ ಹಾಕೂಣ್ರಿ? ಹೆಸರಿನ ಹಿಂದ ಗಂ.ಭಾ. ಅಂತ ಹಾಕಲೇನು?"

ಗಂಡನಿದ್ದವಳಿಗೆ ಸೌ., ಇಲ್ಲದವಳಿಗೆ ಗಂ.ಭಾ., ಇದು ಪತ್ರಿಕೆಗಳ ವಾಡಿಕೆ. ಗಂಡಸರಿಗೆ ಹೆಂಡತಿ ಇದ್ದರೂ ಶ್ರೀ, ಸತ್ತರೂ ಶ್ರೀ. ಇಷ್ಟು ವರ್ಷ ಟೈಪು ಮಾಡಿದರೂ ಇದು ನನಗೆ ಜೀರ್ಣವಾಗಿಲ್ಲ.

"ಯಾವ ಬಾಲಾನೂ ಬ್ಯಾಡ, ಯಾವ ಕೊಂಬೂ ಬ್ಯಾಡ. ನೀಲವ್ವ ಅಂತ ಹಾಕ್ರಿ. ಮೇಡ್ಲೇರಿಯ ನೀಲವ್ವ ತನ್ನ ಮಗಳ ಲಗ್ನಕ್ಕೆ ಕರೆಯುತ್ತಾಳೆ ಅಂತ. ಅದರ ಕೆಳಗ ಬಾವಾರ ಹೆಸರು ಹಾಕ್ರಿ, ಅವರ ಮ್ಯಾಲೆ ನನಗೇನೂ ಸಿಟ್ಟಿಲ್ಲ."

ನನಗಿತ್ತು ಸಿಟ್ಟು. ನಮ್ಮ ಅಂಗಡಿಯ ಬೋರ್ಡಿನ ಮೇಲೆ ನನ್ನ ಯಜಮಾನರ ಹೆಸರಿದೆ. ಅವರು ಈ ಕಂಪ್ಯೂಟರಿನ ಗುಂಡಿ ಒತ್ತಿದ್ದನ್ನು ನಾನಂತೂ ಕಂಡಿಲ್ಲ. ಬಂದವರು ನನ್ನ ಮುಖ ನೋಡಿ "ಯಜಮಾನ್ರು ಇಲ್ಲೇನ್ರಿ?" ಎಂದು ಕೇಳುತ್ತಾರೆ, ನಾನು ಗಿರಾಕಿ ಎನ್ನುವ ಹಾಗೆ. ಅದೆಲ್ಲ ಅವತ್ತು ಒಟ್ಟಿಗೆ ನೆತ್ತಿಗೇರಿತು. ನೀಲವ್ವ ಹೇಳಿದಂತೆ ಟೈಪು ಮಾಡಿದೆ, ಓದಿ ಹೇಳಿದೆ, ಒಪ್ಪಿಸಿದೆ. ಆಮೇಲೆ ಆ ಇಲ್ಲದ ಪ್ರಿಂಟರಿಗೆ ಪ್ರಿಂಟ್ ಕೊಟ್ಟೆ. ಚಿತ್ರ ತಯಾರಾಯಿತು. ಅಕ್ಷರದ ಫೈಲನ್ನು ಅಳಿಸಿದೆ, ಕಸದ ಬುಟ್ಟಿಯಿಂದಲೂ ತೆಗೆದುಹಾಕಿದೆ. ನೀಲವ್ವ ಅಂಗಡಿಯ ಪ್ರಿಂಟರಿನಲ್ಲಿ ಅದೇ ಪುಟದ ಪ್ರತಿ ತೆಗೆಸಿ, ಹಳದಿ ಹಾಳೆಯ ಮೇಲೆ ಒಂದಿಷ್ಟು ಜೆರಾಕ್ಸ್ ಮಾಡಿಸಿಕೊಂಡು ಹೋದಳು. ಯಾಕೆಂದು ನಾನು ಕೇಳಲಿಲ್ಲ.

ಮರುದಿನ ಬಸಣ್ಣನ ಫೋನು.

"ಅಕ್ಕಾರ, ಮತ್ತ ಚಿತ್ರ ಕಳಿಸೀರಲ್ರಿ. ಇದರಾಗ ಏನೂ ತಿದ್ದಾಕ ಬರೂದಿಲ್ಲ."

"ಅದಕ್ಕ ಕಳಿಸೇನಿ."

"ಆ ಹಿರ್‍ಯಾರು ಫೋನ್ ಮಾಡಿದ್ರಿ. ಒಂದು ಹೆಸರು ತಗೀಬೇಕಂತ..."

"ಬಸಣ್ಣ, ಚಿತ್ರ ಹೆಂಗೈತಿ ಹಂಗ ಹೊಡಿ. ಇಲ್ಲಂದ್ರ ಬಿಡು."

ಅವನು ಹೊಡೆಯಲೂ ಇಲ್ಲ, ಬಿಡಲೂ ಇಲ್ಲ. ಹಿರಿಯರ ಮಾತು ಮೀರಲಾಗದೆ ಚಿತ್ರದಲ್ಲಿದ್ದ ನೀಲವ್ವನ ಹೆಸರನ್ನು ರಬ್ಬರಿನಿಂದ ಒರೆಸಿದಂತೆ ಒರೆಸಿ, ಒಂದು ಪ್ರತಿ ತೆಗೆದು, ಬಸ್ಸಿನ ಕಂಡಕ್ಟರನ ಕೈಯಲ್ಲಿ ಚನ್ನಬಸಪ್ಪನವರಿಗೆ ಕಳಿಸಿಕೊಟ್ಟ. ಅಕ್ಷರದ ಫೈಲಾಗಿದ್ದರೆ ಒಂದು ಪದ ತೆಗೆದ ಕೂಡಲೇ ಉಳಿದ ಪದಗಳು ಸರಿದು ಜಾಗ ತುಂಬುತ್ತವೆ. ಯಾರೋ ಇದ್ದರು ಎಂಬ ಗುರುತೂ ಉಳಿಯುವುದಿಲ್ಲ. ಚಿತ್ರದಲ್ಲಿ ಹಾಗಲ್ಲ. ಒರೆಸಿದಲ್ಲಿ ಖಾಲಿ ಜಾಗ ಉಳಿಯಿತು. ಮೇಡ್ಲೇರಿಯ, ಆಮೇಲೆ ಬಿಳಿ, ಆಮೇಲೆ ತನ್ನ ಮಗಳ ಲಗ್ನಕ್ಕೆ ಕರೆಯುತ್ತಾಳೆ.

ಆ ಪ್ರತಿಯನ್ನು ಹಿಡಿದುಕೊಂಡು ಚನ್ನಬಸಪ್ಪನವರು ನನ್ನ ಅಂಗಡಿಗೆ ಬಂದರು. ಅವರು ಕೆಟ್ಟ ಮನುಷ್ಯರಾಗಿದ್ದರೆ ಜಗಳ ಸಲೀಸಾಗಿರುತ್ತಿತ್ತು. ತಮ್ಮ ಹೋದ ಮೇಲೆ ನೀಲವ್ವನ ಹೊಲಕ್ಕೆ ನೀರಿನ ಪಾಳಿ ತಪ್ಪದಂತೆ ನೋಡಿಕೊಂಡವರು ಅವರೇ. ಬೆವರು ಒರೆಸಿಕೊಂಡು ಬೆಂಚಿನ ಮೇಲೆ ಕೂತರು.

"ಏನ ಯವ್ವಾ ಇದು, ಶುಭಕಾರ್ಯದ ಪತ್ರಿಕಿ, ನಡಕ ಹಲ್ಲು ಬಿದ್ದಂಗ ಖಾಲಿ! ನೋಡಿದವರು ಏನಂದಾರು? ಅಪಶಕುನ."

"ಖಾಲಿ ನಾ ಬಿಟ್ಟಿಲ್ರಿ. ಅಲ್ಲಿ ಹೆಸರಿತ್ತು."

"ನಾ ಏನ್ ಅಕಿ ವೈರೀನಾ? ಅಕಿಗೆ ನಾಳೆ ಯಾರೂ ಒಂದು ಮಾತು ಆಡಬಾರದು ಅಂತ ಮಾಡತೇನಿ. ಹಿಂದಿಲಿಂದ ಬಂದ ಪದ್ಧತಿ. ನೀ ಮೊದಲಿನ ಫೈಲ್ ತಗಿ, ನಂದೂ ನಮ್ಮ ಮನ್ಯಾಕೀದೂ ಹೆಸರು ಮ್ಯಾಲೆ ಹಾಕು, ಮುಗೀತು."

"ಮೊದಲಿನ ಫೈಲ್ ಇಲ್ರಿ. ಅಳಿಸೇನಿ."

"ಯಾಕ?"

"ತಿದ್ದಬಾರದು ಅಂತ."

ಅವರು ನನ್ನನ್ನೇ ನೋಡಿದರು. ನಾನೂ ನೋಡಿದೆ. ಟೇಬಲ್ಲು ಅಡ್ಡ ಇದ್ದದ್ದು ಒಳ್ಳೆಯದಾಯಿತು.

"ಊರಾಗ ನೀ ಒಬ್ಬಾಕೇನಾ ಟೈಪ್ ಮಾಡಾಕಿ?" ಎಂದರು ಕೊನೆಗೆ. ಅದು ನಿಜವೇ. ಎದುರಿನ ಅಂಗಡಿಗೆ ಹೋದರೆ ಚಹಾ ಕುಡಿಯುವುದರೊಳಗೆ ಹೊಸ ಪತ್ರಿಕೆ ಆಗಿಬಿಡುತ್ತಿತ್ತು. ನನ್ನ ಚಿತ್ರದ ಶಕ್ತಿ ಅಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ನೀಲವ್ವ ಬಂದಳು. ಬಾವಾರು ಬರಲಿದ್ದಾರೆಂದು ಬಸಣ್ಣನಿಂದ ತಿಳಿದು ಮುಂಜಾನೆಯೇ ಅವಳಿಗೆ ಫೋನು ಮಾಡಿಸಿದ್ದೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಹತ್ತಿರವೇ ನಿಂತಳು. ಅವರೆದುರು ಅವಳು ಕೂತದ್ದಿಲ್ಲವಂತೆ, ಅವತ್ತೂ ಕೂಡಲಿಲ್ಲ.

"ಮಾಡಸ್ರಿ ಬಾವಾರ, ಹೊಸಾದು ಮಾಡಸ್ರಿ," ಎಂದಳು ಮೆತ್ತಗೆ. "ಆದ್ರ ಐರಣಿಯ ನೆಂಟರಿಗೆ ನಾ ಆಗಲೇ ಕೊಟ್ಟು ಬಂದೇನಿ. ನನ್ನ ತವರಿನವರಿಗೂ ಕೊಟ್ಟೇನಿ. ಹಳದಿ ಹಾಳಿಗೆ ಅರಿಷಿಣ ಕುಂಕುಮ ಹಚ್ಚಿ, ನಾನ ಮನಿ ಮನಿಗೆ ಹೋಗಿ ಕೊಟ್ಟೇನಿ. ನೀವು ನಿಮ್ಮ ಪತ್ರಿಕಿ ಕೊಡ್ರಿ. ಒಂದ ಲಗ್ನಕ್ಕ ಎರಡು ಪತ್ರಿಕಿ ಯಾಕಂತ ಮಂದಿ ಕೇಳಿದ್ರ, ಉತ್ತರಾ ನೀವ ಹೇಳ್ರಿ. ನಾ ಸುಳ್ಳು ಹೇಳಾಕಿ ಅಲ್ಲ."

ನಾನು ಚಹಾ ತರಿಸಿದೆ. ಅರ್ಧ ಲೋಟ ಆದ ಮೇಲೆ ಚನ್ನಬಸಪ್ಪನವರು ಕನ್ನಡಕ ಹಾಕಿಕೊಂಡು, ಖಾಲಿ ಬಿಟ್ಟು ಉಳಿದದ್ದನ್ನು ಮೊದಲ ಸಲ ಪೂರ್ತಿ ಓದಿದರು.

"ನನ್ನ ಹೆಸರು ಇಷ್ಟ ಸಣ್ಣದ್ಯಾಕ ಐತಿ? ದಪ್ಪ ಮಾಡು."

"ಚಿತ್ರರೀ ಅದು. ತಿದ್ದಾಕ ಬರೂದಿಲ್ರಿ," ಎಂದೆ.

ನೀಲವ್ವ ಸೆರಗನ್ನು ಬಾಯಿಗೆ ಹಿಡಿದಳು. ಅವರೂ ನಕ್ಕರೆಂದು ಹೇಳಿದರೆ ಕತೆ ಚಂದ ಆಗುತ್ತದೆ, ಆದರೆ ನಗಲಿಲ್ಲ. ಚಹಾ ಮುಗಿಸಿ ಎದ್ದು, "ಹೊಡಸ್ರಿ ಹಂಗಾರ," ಎಂದು ಹೋದರು.

ನಾನು ಕಳಿಸಿದ ಚಿತ್ರದಂತೆಯೇ, ನೀಲವ್ವನ ಹೆಸರಿನೊಂದಿಗೆ, ಪತ್ರಿಕೆ ಅಚ್ಚಾಯಿತು. ಬ್ಯಾಡಗಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ ನೀಲವ್ವ ಬಂದವರನ್ನು ಕೈಮುಗಿದು ಕರೆದುಕೊಂಡಳು. ಎಲ್ಲರೂ ಮೆಚ್ಚಿದರೆಂದಲ್ಲ. ಕೆಲವು ಹೆಂಗಸರು ಅವಳಿಗೆ ಮುಖ ಕೊಡದೆ ಪಕ್ಕದಿಂದ ಹಾದುಹೋದರು. ಅಕ್ಷತೆಯ ಹೊತ್ತಿಗೆ ಪಾರವ್ವ ಅವಳ ತೋಳು ಹಿಡಿದು, "ಹಿಂದಕ ನಿಂದ್ರ, ಮುಂದ ಬರಬ್ಯಾಡ," ಎಂದದ್ದನ್ನು ನಾನು ಕೇಳಿದೆ. ನೀಲವ್ವ ಕೈ ಬಿಡಿಸಿಕೊಂಡು ಮಗಳ ಮಗ್ಗುಲಿಗೇ ನಿಂತಳು. ಪಾರವ್ವ ಕೆಳಗಿಳಿದು ನನ್ನ ಹತ್ತಿರ ಬಂದು, "ಎಲ್ಲಾ ನಿನ್ನ ಕಂಪ್ಯೂಟರಿನ ಕಿತಾಪತಿ," ಎಂದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಹೋಳಿಗೆ ಉಂಡು ಬಂದೆ. ಅವತ್ತಿನಿಂದ ಪಾರವ್ವ ನೀಲವ್ವನ ಹೊಸ್ತಿಲು ತುಳಿದಿರಲಿಲ್ಲ. ಒಂದೇ ಊರು, ಒಂದು ಓಣಿಯ ಅಂತರ.

ಈಗಿನವರಿಗೆ ಇದೆಲ್ಲ ನಗೆಯ ಮಾತು. ಎಲ್ಲರ ಫೋನಿಗೂ ಬರುವುದು ಚಿತ್ರದ ಪತ್ರಿಕೆಯೇ. ಹೂವು ಉದುರುತ್ತದೆ, ಶಹನಾಯಿ ಊದುತ್ತದೆ. ಕರೆಯುವವರ ಜಾಗದಲ್ಲಿ ಮಾತ್ರ ಯಾರಿರಬೇಕು, ಯಾರಿರಬಾರದು ಎಂಬುದು ಇದ್ದಂತೆಯೇ ಇದೆ. ಯಂತ್ರ ಎಷ್ಟು ಹೊಸದಾದರೂ ಆ ಒಂದು ಗೆರೆ ಹಳೆಯದು. ಅದಕ್ಕೇ ನನ್ನ ಹಳೆಯ ಯಂತ್ರವೂ ಇರಲಿ ಎಂದು ನಾನು ಹಟ ಹಿಡಿದದ್ದು.

ಸಂಜೆ ಬರುವವರಿದ್ದರು ಎಂದೆನಲ್ಲ, ಬಂದರು. ಕೋಲು ಊರಿಕೊಂಡು, ಮೊಮ್ಮಗಳ ಹೆಗಲು ಹಿಡಿದುಕೊಂಡು, ಪಾರವ್ವ. ಚನ್ನಬಸಪ್ಪನವರು ಹೋದ ಸುಗ್ಗಿಯಲ್ಲಿ ತೀರಿಕೊಂಡರು. ಈಗ ಈ ಮೊಮ್ಮಗಳ ಲಗ್ನ. ಹುಟ್ಟಿದಂದಿನಿಂದ ಅವಳನ್ನು ಮಡಿಲಲ್ಲಿಟ್ಟು ಬೆಳೆಸಿದ್ದು ಈ ಅಜ್ಜಿಯೇ. ಹಿರಿತನದಿಂದ ಕರೆಯುವವರು ಅಜ್ಜ-ಅಜ್ಜಿ ಎಂದು ನಿಶ್ಚಯದ ದಿನ ಬರೆದಿಟ್ಟಿದ್ದರಂತೆ. ಅಜ್ಜ ಹೋದ ಮೇಲೆ ಮನೆಯವರು ಫೋನಿನಲ್ಲಿ ಮಾಡಿದ ಪತ್ರಿಕೆಯಲ್ಲಿ ಅಜ್ಜಿಯೂ ಹೋಗಿದ್ದರು.

"ನನ್ನ ತಗದಾರ ಯವ್ವಾ," ಎಂದರು ಪಾರವ್ವ. ದನಿ ಜೋರಾಗಿಯೇ ಇತ್ತು. "ಈ ಹುಡುಗಿ ಬಿಟ್ಟು ಮನ್ಯಾಗ ಯಾರಿಗೂ ಗೊತ್ತಿಲ್ಲ ನಾ ಬಂದದ್ದು. ನೀಲವ್ವಗ ಮಾಡಿಕೊಟ್ಟಿದ್ದಿಯಲ್ಲ, ಯಾರ ಕೈಗೂ ತಿದ್ದಾಕ ಬರದಂಗ, ಹಂಗ ಮಾಡಿಕೊಡು."

ನಾನು ಒಂದು ಮಾತೂ ಎತ್ತಿ ಆಡಲಿಲ್ಲ. ಆಡಬೇಕೆಂದು ಬಹಳ ವರ್ಷ ಕೂಡಿಟ್ಟುಕೊಂಡಿದ್ದೆ, ಆ ಮುಖ ನೋಡಿದ ಮೇಲೆ ಬೇಡವಾಯಿತು. ಅವರು ಹೇಳಿದರು, ನಾನು ಟೈಪು ಮಾಡಿದೆ. ಪಾರವ್ವ, ಅಷ್ಟೇ ಹೆಸರು. ಹಿಂದೆ ಮುಂದೆ ಏನೂ ಬೇಡವೆಂದರು. ಮೊಮ್ಮಗಳು ಓದಿ ಹೇಳಿದಳು. ಇಲ್ಲದ ಪ್ರಿಂಟರಿಗೆ ಪ್ರಿಂಟ್ ಕೊಡುವ ಮುಂಚೆ ವಾಡಿಕೆಯಂತೆ ಕೇಳಿದೆ.

"ಮ್ಯಾಲೆ ಯಾವ ದೇವರ ಹೆಸರು ಹಾಕೂಣ್ರಿ? ಮೊದಲನೇ ಪತ್ರಿಕಿ ಯಾವ ಗುಡಿಗೆ ಇಡತೀರಿ?"

ಪಾರವ್ವ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೆಸರು ಮನಿದೇವರದು ಹಾಕು. ಆದ್ರ ಮೊದಲನೇ ಪತ್ರಿಕಿ ಗುಡಿಗೆ ಇಡೂದಿಲ್ಲ. ನಾನ ಒಯ್ದು ನೀಲವ್ವನ ಕೈಯಾಗ ಕೊಡತೇನಿ. ದೇವರು ಒಂದಿನ ಕಾದ್ರ ಏನೂ ಆಗೂದಿಲ್ಲ. ಅಕಿ ಭಾಳ ದಿನಾ ಕಾದಾಳ."